ಪಡ್ಡಿನ ಹಂಚಿನ ಎರಕ

ಅಂಗಡಿಗೆ ಹೋಗಿ ಪಡ್ಡಿನ ಹಂಚು ಕೊಳ್ಳುವ ಹೇಡಿತನ ನನ್ನ ವಂಶದಲ್ಲೇ ಇಲ್ಲ ಎಂದು ಬೆಳಿಗ್ಗೆಯೇ ಘೋಷಿಸಿಬಿಟ್ಟೆ. ಹಳೇ ಹಂಚು ಸೀಳು ಬಿಟ್ಟಿತ್ತು. ಮಧ್ಯಾಹ್ನ ಕದರಮಂಡಲಗಿಯಿಂದ ಅತ್ತೆ ಮಂಗಳವ್ವ ಬರುವವರಿದ್ದರು. ಅವರಿಗೆ ಪಡ್ಡೆಂದರೆ ಪ್ರಾಣ.

"ರಾಣೇಬೆನ್ನೂರಾಗ ಸಿಗತಾವ. ಲಗೂ ಹೋಗಿ ತಗೊಂಡ ಬರ್ರಿ," ಎಂದಳು ಹೆಂಡತಿ ಕಾವೇರಿ.

"ಅಟ್ಟದ ಮ್ಯಾಲಿನ ಅಲ್ಯೂಮಿನಿಯಂ ಗುಜರಿ ಕರಗಿಸಿ ನಾನ ಎರಕ ಹೊಯ್ತೇನಿ. ನಿಮ್ಮವ್ವ ಊರತುಂಬ ನನ್ನ ಹೊಗಳಬೇಕು."

"ಗೀಸರ್ ರಿಪೇರಿ ಮಾಡಿದಾಗನೂ ಹೊಗಳಿದ್ಳು. ಆವತ್ತಿಂದ ನಮ್ಮನ್ಯಾಗ ಜಳಕಾ ಮಾಡೂದ ಬಿಟ್ಟಾಳ."

ವೀರರು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಹಳೇ ಹಂಚನ್ನು ಮರಳಿಗೆ ಒತ್ತಿ ಅಚ್ಚು ತೆಗೆದೆ. ಮುರುಕು ಲೋಟ, ಸೊಟ್ಟ ಸೌಟು, ಹಿಡಿಯಿಲ್ಲದ ಮುಚ್ಚಳ ಎಲ್ಲವನ್ನೂ ಕಾವೇರಿಯ ದೊಡ್ಡ ಪಾತೇಲಿಗೆ ತುಂಬಿ ಬೆಂಕಿಗೇರಿಸಿದೆ.

ತಾಸು ಕಳೆದರೂ ಒಂದು ಸೌಟೂ ಬೆವರಲಿಲ್ಲ. ಕಟ್ಟಿಗೆ ಮುಗಿಯಿತು. ಮೂಲೆಯಲ್ಲಿ ಮೆಣಸಿನಕಾಯಿ ತೊಟ್ಟಿನ ಚೀಲವಿತ್ತು. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕಕ್ಕೆಲ್ಲ ಸಾರುವ ಊರಿನವನು ನಾನು. ಅದೇ ಧೈರ್ಯದಲ್ಲಿ ಇಡೀ ಚೀಲವನ್ನು ಒಲೆಗೆ ಸುರಿದೆ.

ತೊಟ್ಟಿನ ಜೊತೆ ಚೂರುಕಾಯಿಯೂ ಬೀಜವೂ ಧಾರಾಳವಾಗಿದ್ದವು. ಮೊದಲು ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಕೆಮ್ಮಿತು. ಆಮೇಲೆ ಪಕ್ಕದ ಮನೆಯ ತರನ್ನುಮ, ಆಮೇಲೆ ಓಣಿಗೆ ಓಣಿಯೇ. ನಾನು ಮಾತ್ರ ಕಣ್ಣು ಮುಚ್ಚಿ ಊದುತ್ತಲೇ ಇದ್ದೆ! ಕಣ್ಣು ಬಿಟ್ಟಾಗ ಲೋಹ ಕರಗಿತ್ತು, ನಿಜ. ಆದರೆ ಕರಗಿದ್ದು ಪಾತೇಲಿಯ ತಳ! ಅದೂ ಅಲ್ಯೂಮಿನಿಯಮ್ಮೇ ಎಂಬುದು ಆಗ ಹೊಳೆಯಿತು. ಸೌಟು, ಲೋಟಗಳೆಲ್ಲ ಬೂದಿಯಲ್ಲಿ ಬಿದ್ದಿದ್ದವು.

ಅಷ್ಟರಲ್ಲಿ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೇ ಬಂದರು.

"ನೋಡಬೇ, ನೀ ಕೊಟ್ಟ ಪಾತೇಲಿ," ಎಂದು ಕಾವೇರಿ ಬೆರಳು ತೋರಿಸಿದಳು.

ಸೋಲೊಪ್ಪುವ ಜೀವವಲ್ಲ ನನ್ನದು. "ನನ್ನ ಕೆಲಸದಾಗ ತಪ್ಪಿಲ್ರಿ ಅತ್ತಿ. ಓಣಿ ಮಂದಿಗೆ ಹೊಟ್ಟಿಕಿಚ್ಚು. ಅವರ ದೃಷ್ಟಿ ತಾಗೇತಿ," ಎಂದೆ ಎದೆಯುಬ್ಬಿಸಿ.

ಅತ್ತೆ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡರು.

"ಅಳಿಯಾರ, ದೃಷ್ಟಿ ತಾಗಿದ್ರ ಮೆಣಸಿನಕಾಯಿ ಎಷ್ಟ ಸುಟ್ರೂ ಘಾಟ ಬರೂದಿಲ್ಲ. ಇಲ್ಲಿ ನೋಡಿದ್ರ ಊರಿಗೆ ಊರ ಕೆಮ್ಮಾಕತ್ತೈತಿ. ನಿಮ್ಮ ಮ್ಯಾಲೆ ಯಾರೂ ಕಣ್ಣ ಹಾಕಿಲ್ರಿ. ಹಾಕೂವಂಥಾದ್ದು ಅವರಿಗೇನೂ ಕಂಡಿಲ್ಲ."