ಟೈರಿಗೆ ಎಷ್ಟು ಹಲ್ಲು

ಬೇರೆಯವರು ಗಾಡಿ ಕೊಂಡರೆ ಗಾಡಿ ಓಡುತ್ತದೆ. ನಾನು ಕೊಂಡರೆ ಸುದ್ದಿ ಓಡುತ್ತದೆ. ನನ್ನ ಜನ್ಮವೇ ಹಾಗೆ. ಹೊಸೂರಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದಾಗ ಎಮ್ಮೆಗೆ ಔಷಧಿ ಕುಡಿಸಲು ಹೋಗಿ ಅರ್ಧ ನಾನೇ ಕುಡಿದು ಬರುತ್ತಿದ್ದೆ. ನಾನು ನಿಂತಲ್ಲೇ ಕನಸು ಕಾಣುವವನು, ಅದಕ್ಕೇ ಹೀಗಾಗುತ್ತದೆ ಎಂದು ನನ್ನಾಕೆ ಹೇಳುತ್ತಾಳೆ. ಇರಬಹುದು. ಆದರೆ ಈ ಮೋಟಾರ್ ಸೈಕಲ್ಲಿನ ಕನಸಿಗೆ ಕಾರಣ ಅವಳೇ.

ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತು. ಪೆಟ್ರೋಲಿಗೆ ಇನ್ನೂ ಪರದಾಟ. ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ಜನ ಇಳಿದು ತಳ್ಳಬೇಕು. ರಾಯಕೋಟೆಯಲ್ಲಿ ಮದುವೆ ಮುಗಿಸಿಕೊಂಡು ಹೊಸೂರಿಗೆ ಬರುವಾಗ ಸಾನಮಾವಿನ ಏರಿನಲ್ಲಿ ನಾವೆಲ್ಲ ಇಳಿದು ತಳ್ಳಿದೆವು. ಮದುಮಗಳೂ ಸೆರಗು ಸಿಕ್ಕಿಸಿಕೊಂಡು ತಳ್ಳಿದಳು. ಮನೆ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ನನ್ನ ತಾಯಿ ಮೊದಲು ಸೊಸೆಯ ಮುಖದ ಮಸಿ ಒರೆಸಿ ಆಮೇಲೆ ಆರತಿ ಎತ್ತಿದರು. ಆ ಸಂಜೆ ನನ್ನಾಕೆ ನನ್ನೊಡನೆ ಆಡಿದ ಮೊದಲ ಪೂರ್ತಿ ಮಾತು ಇದು:

"ಇನ್ನೊಂದ್ಸಲ ನನ್ನ ಕರ್ಕಂಬರೋದಾದ್ರೆ ನನ್ನ ಹೊರೋ ಗಾಡೀಲಿ ಕರ್ಕಂಬನ್ನಿ. ನಾನು ಹೊರೋ ಗಾಡೀಲಿ ನಾ ಬರಾಕಿಲ್ಲ."

ಆಗಲಿ ಎಂದೆ. ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ಅತ್ತೆಯ ಮನೆಯಲ್ಲಿರಬಾರದು, ಅಳಿಯ ಮಾವನ ಊರಿನ ಕಡೆ ತಲೆ ಹಾಕಬಾರದು. ಅವಳು ರಾಯಕೋಟೆಗೆ ಹೋದಳು. ನಾನು ಆಸ್ಪತ್ರೆಯ ಜಗಲಿಯಲ್ಲಿ ಕೂತು, ಹೊಸೂರಿನ ಆಷಾಢದ ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೆ, ಅದು ಮೋಟಾರ್ ಸೈಕಲ್ಲಿನ ಮೇಲೆ ಹೋಗುವಾಗಿನ ಗಾಳಿ ಎಂದುಕೊಳ್ಳುತ್ತಿದ್ದೆ. ಶ್ರಾವಣದ ಮೊದಲ ದಿನ. ರಾಗಿ ಹೊಲಗಳ ನಡುವಿನ ದಾರಿ. ಹಿಂದೆ ಅವಳು. ಕಣ್ಣು ಮುಚ್ಚಿದರೆ ಸಾಕು, ಸೆರಗಿನ ಪಟಪಟ ಸದ್ದೂ ಕೇಳುತ್ತಿತ್ತು.

ನನ್ನ ಮಾವ ರಾಯಕೋಟೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಹಿಂದೊಮ್ಮೆ ಕೃಷ್ಣಗಿರಿ ರಸ್ತೆಯಲ್ಲಿ ಬಸ್ಸಿನ ಟೈರು ಸಿಡಿದದ್ದನ್ನು ಕಣ್ಣಾರೆ ಕಂಡವರು. ನನ್ನ ಆಸೆ ಕಿವಿಗೆ ಬಿದ್ದ ಕೂಡಲೇ ಬಸ್ಸಿನ ಕಂಡಕ್ಟರ್ ಬಾಯಲ್ಲಿ ಹೇಳಿ ಕಳಿಸಿದರು: "ಟೈರಿನ ವಯಸ್ಸು ಗೊತ್ತಾಗ್ಲಿ, ಆಮೇಲೆ ಮಾತು. ನಾನು ಮಗಳನ್ನ ಅಳಿಯಂದ್ರಿಗೆ ಕೊಟ್ಟಿದೀನಿ, ಟೈರಿಗೆ ಕೊಟ್ಟಿಲ್ಲ."

ಜೋಡಿ ಸರಿಯಿಲ್ಲ

ಕೃಷ್ಣಗಿರಿಯ ಒಂದು ಹುಣಸೆಹಣ್ಣಿನ ಮಂಡಿಯಲ್ಲಿ ಮಿಲಿಟರಿಯವರು ಮಾರಿ ಹೋದ ಮೋಟಾರ್ ಸೈಕಲ್ಲು ಇದೆ ಎಂದು ತಿಳಿಯಿತು. ಟೈರಿನ ವಯಸ್ಸು ಹೇಳುವವರನ್ನು ಎಲ್ಲಿಂದ ತರಲಿ? ನನಗೆ ಗೊತ್ತಿದ್ದವರೆಲ್ಲ ದನದವರು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ, ಡೆಂಕಣಿಕೋಟೆ ಕಡೆಯ ಒಬ್ಬ ದಲ್ಲಾಳಿ ಆಸ್ಪತ್ರೆಗೆ ಬಂದುಹೋಗುತ್ತಿದ್ದ. ಅವನನ್ನೇ ಕರೆದುಕೊಂಡು ಹೋದೆ.

ಮೂಟೆಗಳ ಹಿಂದಿನಿಂದ ಗಾಡಿಯನ್ನು ಹೊರಗೆ ತಂದರು. ಹುಳಿ ವಾಸನೆಯ ಮೋಟಾರ್ ಸೈಕಲ್ಲು. ನೋಡಿದರೆ ಬಾಯಲ್ಲಿ ನೀರು. ನಾನು ಅಲ್ಲೇ ಕನಸಿನ ಮೇಲೆ ಹತ್ತಿ ರಾಯಕೋಟೆ ದಾಟಿದ್ದೆ. ದಲ್ಲಾಳಿ ಮಾತ್ರ ಹೆಗಲ ವಸ್ತ್ರ ಕೊಡವಿ, ಸುತ್ತ ಒಂದು ಸುತ್ತು ಬಂದು, ಹಿಂದಿನ ಮಡ್‌ಗಾರ್ಡಿನ ಮೇಲೆ ಮೆಲ್ಲಗೆ ತಟ್ಟಿದ. ಒದೆಯುತ್ತದೋ ಇಲ್ಲವೋ ಎಂದು ನೋಡಿದ್ದು. ಒದೆಯಲಿಲ್ಲ. ಬಣ್ಣದಲ್ಲಿ ಕೆಟ್ಟ ಸುಳಿ ಇದೆಯೇ ಎಂದು ಹುಡುಕಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಟೈರಿನ ಗೀರುಗಳಿಗೆ ಬೆರಳಿಟ್ಟ.

"ಕಾಂಪೌಂಡ್ರೇ, ಹಿಂದಿಂದು ಬಾಯಿಗೂಡೈತೆ, ಹಲ್ಲೆಲ್ಲಾ ಬಂದು ಮುಗಿದೈತೆ. ಹಲ್ಲೂ ಸವೆದವೆ, ಗೇದು ಗೇದು ಬಂದೈತೆ. ಮುಂದಿಂದು ನೋಡಿ, ಹಲ್ಲು ಮುಕ್ಕಾಗಿಲ್ಲ. ಎಳೇ ಹೋರಿ."

ಮುಂದಿನ ಟೈರಿನ ಪಕ್ಕದಲ್ಲಿ ಒಣಗಿದ ಕೆರೆಯಂತೆ ಸಣ್ಣ ಸಣ್ಣ ಬಿರುಕುಗಳಿದ್ದವು. "ಇದೇನು?" ಎಂದು ಕೇಳಿದೆ.

"ಅದು ಚರ್ಮ. ಚಳಿಗೆ ಒಡೆದೈತೆ. ವಸಿ ಹರಳೆಣ್ಣೆ ಹಚ್ಚಿ, ಸರಿಹೋಯ್ತದೆ," ಎಂದು ಹೇಳಿ ಎದ್ದು ನಿಂತ. "ಚಿಂತೆ ಇರೋದು ಅದಲ್ಲ. ಒಂದು ಮುದಿ, ಒಂದು ಎಳೆ. ಜೋಡಿ ಸರಿಯಿಲ್ಲ. ಇಂಥ ಜೋಡಿ ಯಾವತ್ತೂ ಒಟ್ಟಿಗೆ ಎಳ್ಯಾಕಿಲ್ಲ. ಬ್ಯಾಡ ಬುಡಿ."

ಮಂಡಿಯ ಸಾಹುಕಾರ ಎದೆಯ ಮೇಲೆ ಕೈ ಇಟ್ಟುಕೊಂಡ. "ಎನ್ನಾ ಸಾರ್ ಇದು! ಪಕ್ಕಪಕ್ಕ ಕಟ್ಟಿದ್ರೆ ತಾನೇ ಜೋಡಿ? ಇದು ಒಂದರ ಹಿಂದೆ ಒಂದು ಕಟ್ಟಿರೋದು. ಒಂದರ ಮುಖ ಒಂದು ನೋಡೋದೇ ಇಲ್ಲ!"

ದಲ್ಲಾಳಿ ಇನ್ನೊಂದು ಸುತ್ತು ಬಂದು ಎರಡೂ ಟೈರು ನೋಡಿದ. ಅವನ ಅನುಭವದಲ್ಲಿ ಇದು ಹೊಸ ಮಾತು.

"ಹಂಗಾದ್ರೆ ಹಿಡೀರಿ ಕಾಂಪೌಂಡ್ರೇ," ಎಂದ. "ಮುಖ ನೋಡ್ಕಳ್ದೇ ಇದ್ರೆ ಜಗಳ ಯಾಕಾಯ್ತದೆ?"

ಮೇವು ಬಿಟ್ಟ ಎತ್ತು

ಆ ಮುದಿ ಟೈರು ನನಗೆ ಬಲು ಪ್ರಿಯವಾಯಿತು. ಮುಂದಿನದಕ್ಕೆ ದಿನಾ ಗಾಳಿ ತುಂಬಬೇಕು. ಹಿಂದಿನದು ಕೇಳುತ್ತಲೇ ಇರಲಿಲ್ಲ. "ಇದಕ್ಕೆ ಜನ್ಮಕ್ಕೂ ಗಾಳಿ ಬೇಕಾಗಿಲ್ಲ" ಎಂದು ಸಾಹುಕಾರ ಆಣೆ ಮಾಡಿದ್ದು ಸುಳ್ಳಲ್ಲ ಎನ್ನಿಸಿತು. ಓಡಿಸುವಾಗ ಕೆಳಗಿನಿಂದ ಸರಸರ ಎಂದು ಒಣಗಿದ ಹುಲ್ಲಿನ ಮೇಲೆ ನಡೆದಂಥ ಸದ್ದು. ನಾನು ಅದನ್ನು ಕೇಳುತ್ತಾ ಹೊಸೂರಿನ ಮಂಜಿನಲ್ಲಿ ತೇಲುತ್ತಾ ಹೋಗುತ್ತಿದ್ದೆ.

ಒಂದು ಬೆಳಗ್ಗೆ ಮೇವು ಬಿಟ್ಟು ಮಲಗಿದ್ದ ಎತ್ತೊಂದನ್ನು ಹಳ್ಳಿಯವನೊಬ್ಬ ಆಸ್ಪತ್ರೆಗೆ ಹೊಡೆದುಕೊಂಡು ಬಂದ. ಹುಲ್ಲು ಹಾಕಿದರೆ ಮೂಸುವುದಿಲ್ಲ, ಬೂಸಾ ಇಟ್ಟರೆ ಮುಖ ತಿರುಗಿಸುತ್ತದೆ. "ಮನೆಯೋರೂ ಊಟ ಬಿಟ್ಟವ್ರೆ ಸಾಮಿ," ಎಂದು ಕಣ್ಣೊರೆಸಿಕೊಂಡ. ಎತ್ತನ್ನು ಅಂಗಳದಲ್ಲಿ ನನ್ನ ಗಾಡಿಯ ಪಕ್ಕದ ಗೂಟಕ್ಕೆ ಕಟ್ಟಿಸಿ, ಡಾಕ್ಟರಿಗೆ ಹೇಳಲು ನಾನು ಒಳಗೆ ಹೋದೆ.

ಹೊರಗೆ ಬಂದು ನೋಡಿದರೆ ಎತ್ತು ಕಣ್ಣು ಅರೆಮುಚ್ಚಿ ನಿಧಾನವಾಗಿ ಮೆಲ್ಲುತ್ತಿದೆ. ಅದರ ಬಾಯಿಂದ ಒಂದು ಎಳೆ ಹುಲ್ಲು ಹೊರಟು ನನ್ನ ಹಿಂದಿನ ಟೈರಿನೊಳಕ್ಕೆ ಹೋಗಿದೆ. ಟೈರಿನ ಒಂದು ಬಿರುಕು ಅಗಲವಾಗಿ ಬಾಯಿ ಬಿಟ್ಟಿತ್ತು. ಎತ್ತು ಎಳೆದಷ್ಟೂ ಹುಲ್ಲು ಬರುತ್ತಿತ್ತು. ಯುದ್ಧದ ಕಾಲದಲ್ಲಿ ಟ್ಯೂಬು ಸಿಕ್ಕದೆ ಯಾರೋ ಪುಣ್ಯಾತ್ಮರು ಒಳಗೆ ಹುಲ್ಲು ಗಿಡಿದು ಕೂರಿಸಿದ್ದರು. ನಾವು ನೋಡುತ್ತಿದ್ದ ಹಾಗೆಯೇ ನನ್ನ ಗಾಡಿ ಮೆಲ್ಲಮೆಲ್ಲಗೆ ಹಿಂದಕ್ಕೆ ಕೂತುಕೊಂಡಿತು.

ನನಗೆ ಅಳು ಬಂತು. ಶ್ರಾವಣ ಹತ್ತಿರದಲ್ಲಿತ್ತು, ಅವಳಿಗೆ ಕೊಟ್ಟ ಮಾತು ಎತ್ತಿನ ಬಾಯೊಳಗೆ ಹೋಗುತ್ತಿತ್ತು. ಹಳ್ಳಿಯವನು ಮಾತ್ರ ಎರಡೂ ಕೈ ಜೋಡಿಸಿ ನನ್ನ ಮುಂದೆ ನಿಂತ.

"ಸಾಮಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಆ ಔಸ್ದಿ ಮುಂದಿನ ಚಕ್ರದಾಗೂ ಐತಾ?"

ಸೀರೆ ಉಟ್ಟ ಮೂಟೆ

ಡಾಕ್ಟರು ನಕ್ಕು ಸುಸ್ತಾದ ಮೇಲೆ ಬೆಂಗಳೂರಿನ ಗುರುತಿನವರಿಂದ ಹಿಂದಿನ ಚಕ್ರಕ್ಕೆ ಗಟ್ಟಿಮುಟ್ಟಾದ ಟೈರು, ಟ್ಯೂಬು ತರಿಸಿಕೊಟ್ಟರು. ಸುದ್ದಿ ತಿಳಿದು ಮಾವನವರು ಪರೀಕ್ಷೆಗೆ ಬಂದೇ ಬಿಟ್ಟರು. ಕನ್ನಡಕ ಏರಿಸಿ ಹಿಂದಿನ ಟೈರನ್ನು ಉಗುರಿನಿಂದ ಒತ್ತಿದರು, ಮೂಸಿದರು, ಕಿವಿಗೊಟ್ಟು ಕೇಳಿದರು.

"ಮುಂದಿನದನ್ನೂ ನೋಡಿ ಮಾವ," ಎಂದೆ.

"ಮಗಳು ಕೂತ್ಕಳೋದು ಹಿಂದೆ. ಮುಂದಿಂದು ನಿಮ್ಮದು, ನಿಮ್ಮಿಷ್ಟ," ಎಂದರು.

ಬಾಯಿ ಪರೀಕ್ಷೆ ಮುಗಿದ ಮೇಲೆ ಪ್ರಯೋಗ. ಬಸ್ಸಿನ ಮೇಲಿನಿಂದ ಒಂದು ಮೂಟೆ ಇಳಿಸಿ ತಂದಿದ್ದರು. ಸಂತೆಯ ದೊಡ್ಡ ತಕ್ಕಡಿಯಲ್ಲಿ ಒಂದು ಕಡೆ ಮಗಳನ್ನು ಕೂರಿಸಿ, ಇನ್ನೊಂದು ಕಡೆ ರಾಗಿ ಸುರಿದು, ಸರಿತೂಗಿದ ರಾಗಿಯನ್ನೇ ತುಂಬಿಕೊಂಡು ಬಂದಿದ್ದರು. ಚೀಲ ಹರಿದು ರಾಗಿ ಸೋರೀತೆಂದು ಅತ್ತೆ ಅದಕ್ಕೆ ಮಗಳ ಹಳೆಯ ಸೀರೆಯೊಂದನ್ನು ಸುತ್ತಿ ಹೊಲಿದಿದ್ದರು. ಹಸಿರು ಸೀರೆ. ಅದನ್ನು ಉಟ್ಟು ಅವಳು ನಮ್ಮ ಹಿತ್ತಲಲ್ಲಿ ಹೂ ಕೊಯ್ದದ್ದು ನನಗೆ ನೆನಪಿತ್ತು.

"ಇದನ್ನ ಕೂರಿಸ್ಕಂಡು ಊರೆಲ್ಲಾ ಒಂದು ಸುತ್ತು ಬನ್ನಿ ಅಳಿಯಂದ್ರೇ. ಟೈರು ತಡೆದ್ರೆ ಪಾಸು."

ಹೊರಟೆ. ತುಂತುರು ಹನಿಯುತ್ತಿತ್ತು. ಕೆರೆ ಏರಿಯ ಮೇಲೆ ಬರುವ ಹೊತ್ತಿಗೆ ಹಸಿರು ಸೆರಗಿನ ತುದಿ ಬಿಚ್ಚಿಕೊಂಡು ಪಟಪಟ ಎನ್ನತೊಡಗಿತು. ಎಷ್ಟೋ ದಿನದಿಂದ ಕಿವಿಯಲ್ಲಿದ್ದ ಅದೇ ಸದ್ದು. ನಾನು ನನ್ನನ್ನೇ ಮರೆತೆ. "ಚಳಿಯಾಗ್ತಿದೆಯಾ?" ಎಂದೆ. "ಗಟ್ಟಿಯಾಗಿ ಹಿಡ್ಕೋ, ತಿರುವು ಬಂತು," ಎಂದೆ. ಕೆರೆಯಲ್ಲಿ ಕೊಕ್ಕರೆ ತೋರಿಸಿದೆ. ಬಾಯಿಗೆ ಬಾರದೆ ಉಳಿದಿದ್ದ ಮಾತನ್ನೆಲ್ಲ ಆ ಮೂಟೆಗೆ ಹೇಳಿದೆ. ಅದು ಬಹಳ ಚೆನ್ನಾಗಿ ಕೇಳಿಸಿಕೊಂಡಿತು.

ಏರಿಯ ಮೇಲೆ ಸಿಕ್ಕಿದ ಎದುರುಮನೆಯ ಅಜ್ಜಿಗೆ ಕಣ್ಣು ಮಂಜು, ಬಾಯಿ ಚುರುಕು. ಕಾಂಪೌಂಡರು ಆಷಾಢದಲ್ಲಿ ಯಾರೋ ಹೆಂಗಸನ್ನು ಕೂರಿಸಿಕೊಂಡು ಕೆರೆ ಏರಿ ಮೇಲೆ ಪಿಸಪಿಸ ಮಾತಾಡುತ್ತಾ ಹೋದ ಎಂಬ ಸುದ್ದಿ ಮಧ್ಯಾಹ್ನದ ಬಸ್ಸಿಗೆ ರಾಯಕೋಟೆ ಸೇರಿತು. ಸಂಜೆಯ ಬಸ್ಸಿಗೆ ಹೋದ ಮಾವನವರು ಮನೆಯಲ್ಲಿ ಎಲ್ಲರೂ ಅಳುವುದನ್ನು ನೋಡಿ, ಅದು ರಾಗಿ ಎಂದು ಬಿಡಿಸಿ ಹೇಳಿದರಂತೆ. ನನ್ನಾಕೆಗೆ ಇನ್ನೂ ಸಿಟ್ಟು ಬಂತು. "ರಾಗಿ ಜೊತೆ ಅಷ್ಟು ಮಾತಾಡವ್ರಲ್ಲ, ನನ್ನ ಜೊತೆ ಎಷ್ಟು ಮಾತಾಡವ್ರೆ?" ಎಂದಳಂತೆ.

ಮರುದಿನ ಬಸ್ಸಿನ ಕಂಡಕ್ಟರು ಆಸ್ಪತ್ರೆಯ ಮುಂದೆ ಬಸ್ಸು ನಿಲ್ಲಿಸಿ, ಜನರೆಲ್ಲ ಕೇಳುವ ಹಾಗೆ ಕೂಗಿದ: "ಕಾಂಪೌಂಡ್ರೇ, ನಿಮ್ಮನೇವ್ರು ಹೇಳವ್ರೆ! ಆ ಮೂಟೆ ಮನೇಲಿರೋಗಂಟ ಅವ್ರು ಬರಾಕಿಲ್ವಂತೆ! ಬೀಸಿ ತಿಂದು ಮುಗಿಸಿ, ಆಮ್ಯಾಲೆ ಕರೆಯಾಕೆ ಬರ್ಬೇಕಂತೆ!"

ನಾನೂ ತಾಯಿಯೂ ಬೆಳಗ್ಗೆ ರೊಟ್ಟಿ, ಮಧ್ಯಾಹ್ನ ಮುದ್ದೆ, ರಾತ್ರಿ ಅಂಬಲಿ ಎಂದು ಕೂತೆವು. ದನದ ಆಸ್ಪತ್ರೆಗೆ ಬಂದವರಿಗೆಲ್ಲ ಹಂಚಿದೆವು. ಆಷಾಢದ ಕೊನೆಯ ದಿನ ತಳದ ಹಿಟ್ಟು ಕೊಡವುತ್ತಾ ನನ್ನ ತಾಯಿ ನಿಟ್ಟುಸಿರು ಬಿಟ್ಟರು.

"ಸೊಸೆ ಬಂದು ನಮ್ಮನ್ನ ತಿಂತಾಳೆ ಅಂತಾರೆ ಜನ. ನಾವೇ ಒಬ್ಬಳು ಸೊಸೇನ ತಿಂದು ಮುಗಿಸಿದ್ವಲ್ಲೋ!"

ಶ್ರಾವಣದ ಮೊದಲ ದಿನ

ರಾಯಕೋಟೆಯ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಮಗಳ ಪಾತ್ರೆ, ಉಪ್ಪಿನಕಾಯಿ ಜಾಡಿಗಳನ್ನು ಹೇರಿಕೊಂಡು ಮಾವನವರು ಕೋಳಿ ಕೂಗುವಾಗಲೇ ಎತ್ತಿನ ಗಾಡಿಯಲ್ಲಿ ಹೊಸೂರಿನ ಕಡೆ ಹೊರಟಿದ್ದರು. ನನ್ನಾಕೆ ಹೊಸಿಲ ಮೇಲೆ ನಿಂತು ಕೇಳಿದ್ದು ಒಂದೇ ಮಾತು.

"ಮುಗೀತಾ?"

"ಮುಗೀತು."

ಬಂದು ಹಿಂದೆ ಕೂತಳು. ಒಂದು ಕೈ ನನ್ನ ಹೆಗಲ ಮೇಲೆ ಇಟ್ಟಳು. ಅಷ್ಟು ದಿನ ಕಂಡ ಕನಸಿನಲ್ಲಿ ಆ ಕೈಗೆ ಭಾರ ಇರಲಿಲ್ಲ, ಈಗ ಇತ್ತು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಮಳೆ ತೊಳೆದ ಬಂಡೆಗಳು ಎರಡೂ ಕಡೆ ಹೊಳೆಯುತ್ತಿದ್ದವು. ಎಳೆ ರಾಗಿ ಪೈರಿನ ಮೇಲೆ ಮೋಡದ ನೆರಳು ನಮ್ಮ ಜೊತೆಗೇ ಬರುತ್ತಿತ್ತು. ದಾರಿಯಲ್ಲಿ ಮಾವನವರ ಗಾಡಿಯನ್ನು ದಾಟಿದೆವು. "ಟೈರು ನೋಡ್ಕಳಿ!" ಎಂದು ಅವರು ಕೂಗಿದ್ದು ಗಾಳಿಯಲ್ಲಿ ಹಿಂದೆ ಉಳಿಯಿತು.

ಸಾನಮಾವಿನ ಕಾಡಿನ ಏರು, ಅವಳು ಬಸ್ಸು ತಳ್ಳಿದ ಜಾಗ, ಅರ್ಧ ಹತ್ತಿದ್ದೆವು. ಢಬ್ ಎಂದಿತು. ಮುಂದಿನ ಟೈರು. ಎಳೇ ಹೋರಿ! ಒಂದೂ ಹಲ್ಲು ಸವೆಯದ ಅದು ಎಷ್ಟು ಕಾಲ ಮೂಟೆಗಳ ಹಿಂದೆ ನಿಂತು ಮುದಿಯಾಗಿತ್ತೋ, ಬಿರುಕುಬಿರುಕಿಗೂ ಬಾಯಿ ಬಿಟ್ಟಿತು. ಏರಾದ್ದರಿಂದ ಗಾಡಿ ನಿಧಾನವಾಗಿತ್ತು; ಓಲಾಡಿ ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ.

ಅವಳು ಇಳಿದು ಗಾಡಿಯನ್ನು ನೋಡಿದಳು, ಏರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಾ ತಳ್ಳಾಕಿಲ್ಲ," ಎಂದಳು.

ರಸ್ತೆ ಬದಿಯ ಬಂಡೆಯ ಮೇಲೆ ಕೂತೆವು. ಆನೆ ಓಡಾಡುವ ಜಾಗ. ಎಲೆ ಅಲುಗಿದರೂ ಅವಳು ನನ್ನ ಕಡೆ ಸರಿಯುತ್ತಿದ್ದಳು. ಎಲೆಗಳು ಚೆನ್ನಾಗಿ ಅಲುಗುತ್ತಿದ್ದವು. "ಆ ಮೂಟೆಗೆ ಏನೇನು ಹೇಳಿದ್ರಿ? ಎಲ್ಲಾ ನನಗೂ ಹೇಳಿ," ಎಂದಳು. ಒಂದನ್ನೂ ಬಿಡದೆ ಹೇಳಿದೆ. ಕೊಕ್ಕರೆ ಮಾತ್ರ ಅಲ್ಲಿರಲಿಲ್ಲ.

ಕೊನೆಗೆ ಗೆಜ್ಜೆಯ ಸದ್ದು ಕೇಳಿತು, ಮಾವನವರ ಗಾಡಿ. ಅವರು ಇಳಿದವರೇ ಹಿಂದಿನ ಟೈರನ್ನು ಒತ್ತಿ ನೋಡಿದರು. "ನೋಡಿ, ನಾನು ಪಾಸು ಮಾಡಿದ್ದು ಗುಂಡುಕಲ್ಲಂಗೈತೆ!" ಎಂದು ಹಿಗ್ಗಿದರು. ಕಾಡಿನಿಂದ ಹೊರೆ ಹೊತ್ತು ಬರುತ್ತಿದ್ದ ಸೌದೆಯವರು ನಾಲ್ಕಾರು ಜನ ಕೈಹಾಕಿ, ದಾರಿಯ ದಿಣ್ಣೆಗೆ ಎತ್ತಿನ ಗಾಡಿಯನ್ನು ಒರಗಿಸಿ, ಮೋಟಾರ್ ಸೈಕಲ್ಲನ್ನು ಅದರೊಳಕ್ಕೆ ದಬ್ಬಿ ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿದರು. ಉಪ್ಪಿನಕಾಯಿ ಜಾಡಿಗಳಿಗೇ ಇಕ್ಕಟ್ಟು. ನಮಗೆ ಕೂರಲು ಜಾಗವಿರಲಿಲ್ಲ.

"ಅದರ ಮೇಲೇ ಹತ್ತಿ," ಎಂದರು ಮಾವ. "ಬೀಗಿತ್ತಿಯವರು ಆರತಿ ಹಿಡ್ಕಂಡು ಕಾಯ್ತಿರ್ತಾರೆ. ಮಗಳು ಮೋಟಾರ್ ಸೈಕಲ್ ಮೇಲೆ ಬಂದ್ಲು ಅಂತಾನೇ ಆಗ್ಲಿ. ಹಿಂಗೇ ಓಡಿಸ್ತಿದ್ರೆ ಟೈರು ಮೊಮ್ಮಕ್ಕಳ ಕಾಲಕ್ಕೂ ಸವೆಯಾಕಿಲ್ಲ."

ಹತ್ತಿ ಕೂತೆವು. ನಾನು ಹ್ಯಾಂಡಲ್ ಹಿಡಿದೆ. ಅವಳು ನನ್ನ ಹೆಗಲು ಹಿಡಿದಳು. ಎತ್ತುಗಳು ತಲೆ ತೂಗುತ್ತಾ ಹೊರಟವು. ಇಷ್ಟು ಎತ್ತರದಿಂದ ನಾನು ಆ ಕಾಡನ್ನು ಎಂದೂ ನೋಡಿರಲಿಲ್ಲ. ಬಿಸಿಲು ಕೆಂಪಾಗುತ್ತಿತ್ತು, ತಂಗಾಳಿ ಬೀಸಿ ಹಿಂದೆ ಸೆರಗು ಪಟಪಟ ಎಂದಿತು. ಒಂದು ತಿರುವು ಬಂತು. ನಾನು ಮೈಮರೆತು ಹಾರ್ನ್ ಒತ್ತಿದೆ. "ಎತ್ತು ಬೆದರ್ತವೆ ಅಳಿಯಂದ್ರೇ!" ಎಂದು ಮಾವ ಮುಂದಿನಿಂದ ಗದರಿದರು.

ದೂರದಲ್ಲಿ ಹೊಸೂರಿನ ದೀಪಗಳು ಒಂದೊಂದಾಗಿ ಕಾಣತೊಡಗಿದಾಗ ಅವಳು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು:

"ರೀ, ಇಷ್ಟು ಜೋರಾಗಿ ಬ್ಯಾಡ. ವಸಿ ನಿಧಾನಕ್ಕೆ ಓಡ್ಸಿ. ಊರು ಬಂದ್ಬುಡ್ತದೆ."