ಎಡಗಿವಿಯ ಸುಳ್ಳು

ಡಾಕ್ಟರ್ ಮೋಹನ್‌ಬಾಬು ಹದಿನಾಲ್ಕು ವರ್ಷದಿಂದ ಒಳಗಿವಿಯ ಮೇಲೆ ಸಂಶೋಧನೆ ಮಾಡುತ್ತಿದ್ದರು. ನಾಡಿ ಹಿಡಿಯುವ ಡಾಕ್ಟರಲ್ಲ, ಇಲಿಗಳ ಕಿವಿ ನೋಡುವ ಡಾಕ್ಟರು. ಚಿಕ್ಕಬಳ್ಳಾಪುರದ ಅವರ ಬೀದಿಗೆ ಈ ವ್ಯತ್ಯಾಸ ತಿಳಿಯದೆ, ಜ್ವರ ಬಂದವರೂ ಅವರ ಬಾಗಿಲು ತಟ್ಟುತ್ತಿದ್ದರು.

ಆ ಭಾನುವಾರ ಮಂಡಿಕಲ್‌ನಲ್ಲಿ ಹೆಂಡತಿಯ ಚಿಕ್ಕಪ್ಪನ ಮನೆ ಗೃಹಪ್ರವೇಶ. ಎಂಟೂವರೆಗೆ ಹೊರಡಬೇಕೆಂದು ಶಿರೀಷಾ ಅಡುಗೆಮನೆಯಿಂದ ಎರಡು ಸಲ ಹೇಳಿದ್ದಳು. ಎರಡು ಸಲವೂ ಚೆನ್ನಾಗಿ ಕೇಳಿಸಿಕೊಂಡ ಮೋಹನ್‌ಬಾಬು ಬನಿಯನ್‌ನಲ್ಲೇ ಕೂತು ಲೇಖನ ತಿದ್ದುತ್ತಿದ್ದರು. ಆ ಚಿಕ್ಕಪ್ಪ ಸಿಕ್ಕಾಗಲೆಲ್ಲ, ಇಲಿಗೆ ಕಿವಿ ಕೇಳಿಸಿದರೆ ದೇಶಕ್ಕೇನು ಲಾಭ ಎಂದು ನಾಲ್ಕು ಜನರೆದುರು ಕೇಳುತ್ತಿದ್ದರು. ಇವರಿಗೆ ಇದುವರೆಗೂ ಉತ್ತರ ಹೊಳೆದಿರಲಿಲ್ಲ.

ರೇಷ್ಮೆ ಸೀರೆಯುಟ್ಟು ಹೊರಬಂದ ಶಿರೀಷಾ ಬನಿಯನ್ ನೋಡಿ ಸೊಂಟಕ್ಕೆ ಕೈಯಿಟ್ಟಳು. ಮೋಹನ್‌ಬಾಬು ಬಾಯಿಗೆ ಬಂದದ್ದು ಹೇಳಿಬಿಟ್ಟರು.

"ಕೇಳಿಸ್ಲಿಲ್ಲ ಕಣೆ. ಈಚೆಗೆ ಎಡಗಿವಿ ಸ್ವಲ್ಪ ಮಂದ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸುಳ್ಳನ್ನೂ ಆಧಾರಸಮೇತ ಹೇಳುವ ಚಾಳಿ ಅವರದು. ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂಥದ್ದೊಂದಿದೆ, ಅದರಲ್ಲಿ ಕೂದಲಿನಂಥ ಎಳೆ ಹೊತ್ತ ಕೋಶಗಳಿವೆ, ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ ಎಂದು ವಿವರಿಸಿದರು. ಹದಿನಾಲ್ಕು ವರ್ಷದಲ್ಲಿ ಅವರ ಉಪನ್ಯಾಸ ಒಬ್ಬರ ಮನಸ್ಸನ್ನು ಕಲಕಿದ್ದು ಅದೇ ಮೊದಲು. ಶಿರೀಷಾ ಕಣ್ಣೊರೆಸಿಕೊಂಡು ಪಕ್ಕದ ಮನೆಗೆ ಓಡಿದಳು.

ಪಕ್ಕದ ಮನೆಯ ಅಮ್ಮಾಜಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಹಿಡಿದು ಬಂದರು. ಬಿಡಲೇನಪ್ಪಾ ಎಂದು ಎಡಗಡೆಯಿಂದ ಮೆಲ್ಲಗೆ ಕೇಳಿದರು. ಬೇಡವೆಂದರೆ ಕಿವಿ ಕೇಳಿಸಿದಂತಾಗುತ್ತದೆ, ಮೋಹನ್‌ಬಾಬು ಸುಮ್ಮನಿದ್ದರು. ಮುದುಕಿ ಅವರ ತಲೆಯನ್ನು ಹಲಸಿನಹಣ್ಣಿನಂತೆ ಹೊರಳಿಸಿ, ಒಗ್ಗರಣೆ ಕೊಡುವ ಧೈರ್ಯದಲ್ಲಿ ಎಣ್ಣೆ ಸುರಿದರು. ಸುದ್ದಿ ಕೇಳಿ ಬಂದ ಎದುರುಮನೆಯ ಆವಲಪ್ಪ ಮೇಷ್ಟ್ರು, ಇದೆಲ್ಲ ಇಲಿಗಳ ಶಾಪ ಎಂದು ತೆಲುಗಿನಲ್ಲಿ ಪಿಸುಗುಟ್ಟಿದರು. ಅದನ್ನೂ ಕೇಳಿಸದ ಮುಖ ಮಾಡಿಕೊಂಡು ಸಹಿಸಬೇಕಾಯಿತು.

ಅಷ್ಟರಲ್ಲಿ ಬೀದಿ ಕೊನೆಯ ರೇಷ್ಮೆ ವ್ಯಾಪಾರಿ ಷರೀಫ್ ಸಾಹೇಬರು ಕಾರು ತಂದೇ ನಿಲ್ಲಿಸಿದರು. ಅವರ ಮಗಳು ನೌರೀನ್ ಕಿವಿ ಪರೀಕ್ಷೆ ಮಾಡುವವಳು. ಮೋಹನ್‌ಬಾಬುವಿನ ಹತ್ತಿರವೇ ಕಲಿತವಳು. ಅವತ್ತು ಚಿಂತಾಮಣಿಯಲ್ಲಿ ಶಿಬಿರ ನಡೆಸುತ್ತಿದ್ದಳು. ಶಿರೀಷಾ ಗೃಹಪ್ರವೇಶ ಬಿಟ್ಟು ಕಾರು ಹತ್ತಿದಳು. ಅಮ್ಮಾಜಮ್ಮನೂ ಹತ್ತಿದರು. ಮೋಹನ್‌ಬಾಬುವಿಗೆ ಒಳಗೊಳಗೇ ಧೈರ್ಯ. ಶಬ್ದ ಕೇಳಿಸಿದಾಗ ಗುಂಡಿ ಒತ್ತಬೇಕು, ಅಷ್ಟೇ ಪರೀಕ್ಷೆ. ಒತ್ತುವ ಬೆರಳು ತನ್ನದು.

ನೌರೀನ್ ಎದ್ದು ನಿಂತು ನಮಸ್ಕಾರ ಮಾಡಿ, ಎಣ್ಣೆಯನ್ನೆಲ್ಲ ಒರೆಸಿದಳು. ಗುಂಡಿ ಮಾತ್ರ ಕೊಡಲಿಲ್ಲ. ಕಿವಿಗೆ ಪುಟ್ಟ ಬಿರಡೆಯಂಥದ್ದೊಂದನ್ನು ಸಿಕ್ಕಿಸಿದಳು.

"ನೀವೇನೂ ಹೇಳ್ಬೇಕಾಗಿಲ್ಲ ಸರ್. ಕಿವಿನೇ ಉತ್ತರ ಕೊಡುತ್ತೆ. ನೀವೇ ಅಲ್ವಾ ಕಲ್ಸಿದ್ದು?"

ಆರೋಗ್ಯವಾದ ಒಳಗಿವಿ ಶಬ್ದ ಬಿದ್ದಾಗ ತಾನೂ ಸಣ್ಣಗೆ ಮರುದನಿ ಕೊಡುತ್ತದೆ. ಅದನ್ನು ಹಿಡಿಯುವ ಯಂತ್ರ ಪ್ರತಿ ಶಿಬಿರಕ್ಕೂ ಬೇಕು, ಕೇಳಿದರೆ ಜನ ಸುಳ್ಳು ಹೇಳುತ್ತಾರೆ ಎಂದು ಸರ್ಕಾರಕ್ಕೆ ಮೂರು ವರ್ಷ ಪತ್ರ ಬರೆದವರು ಮೋಹನ್‌ಬಾಬುವೇ.

ಎಡಗಿವಿ ಇಪ್ಪತ್ತರ ಹುಡುಗನ ಕಿವಿಯಂತಿದೆ ಎಂದು ನೌರೀನ್ ಖುಷಿಯಿಂದ ಹೇಳಿದಳು. ಎಲ್ಲ ತನ್ನ ಎಣ್ಣೆಯ ಗುಣ ಎಂದರು ಅಮ್ಮಾಜಮ್ಮ. ಮುಳುಗುತ್ತಿದ್ದ ಮೋಹನ್‌ಬಾಬು ಆ ಎಣ್ಣೆಯನ್ನೇ ಹಿಡಿದುಕೊಂಡರು. ಹೌದು, ಹಾಕಿದ ತಕ್ಷಣ ಏನೋ ತೆರೆದಂತಾಯಿತು ಎಂದರು.

"ಸತ್ತ ಕೋಶ ಮತ್ತೆ ಹುಟ್ಟಲ್ಲ ಅಂದ್ರಲ್ಲ?" ಎಂದಳು ಶಿರೀಷಾ, ತಣ್ಣಗೆ.

ಬಂದದ್ದು ಬಂದಿದ್ದೀರಿ, ಬಲಗಿವಿಯನ್ನೂ ನೋಡಿಬಿಡೋಣ ಎಂದು ನೌರೀನ್ ಬಿರಡೆಯನ್ನು ಆ ಕಡೆ ಸಿಕ್ಕಿಸಿದಳು. ಯಂತ್ರ ಸುಮ್ಮನಿತ್ತು. ಬಿರಡೆ ಬದಲಿಸಿ ಮತ್ತೆ ನೋಡಿದಳು. ಅವಳ ಮುಖದ ನಗು ಇಳಿಯಿತು. ಬಲಗಿವಿಯಿಂದ ಮರುದನಿಯೇ ಇಲ್ಲ.

ಬಲಗಡೆ ಕೂರುವ ವಿದ್ಯಾರ್ಥಿಗಳೆಲ್ಲ ಈಚೆಗೆ ಗೊಣಗುತ್ತಾರೆಂದು ಮೋಹನ್‌ಬಾಬು ಬೈಯುತ್ತಿದ್ದರು. ಬಲಗಿವಿಗೆ ಹಿಡಿದ ಫೋನಿನಲ್ಲಿ ಮಾತು ಸರಿಯಾಗಿ ಬರುವುದಿಲ್ಲವೆಂದು ಎರಡು ಸಲ ಸಿಮ್ ಬದಲಿಸಿದ್ದರು. ನೂರಾರು ಇಲಿಗಳ ಕಿವಿಯಲ್ಲಿ ಪತ್ತೆಹಚ್ಚಿದ ರೋಗ ತಮ್ಮ ಕಿವಿಯಲ್ಲೇ ಮನೆ ಮಾಡಿದ್ದು ತಿಳಿದಿರಲಿಲ್ಲ.

"ಶಿರೀಷಾ, ಈ ಸಲ ನಿಜವಾಗ್ಲೂ..."

ಅವಳು ಕೈಯೆತ್ತಿ ತಡೆದಳು. ನೌರೀನ್ ಕಾಗದ ತೋರಿಸಿ ವಿವರಿಸಲು ಹೋದಾಗ, "ನೀನು ಅವರ ಶಿಷ್ಯೆ ಅಲ್ವೇನಮ್ಮಾ" ಎಂದಷ್ಟೇ ಹೇಳಿ ಹೊರನಡೆದಳು.

ಕಾರಿನಲ್ಲಿ ಗಂಡನ ಬಲಗಡೆ ಕೂತಳು. ಚಿಂತಾಮಣಿ ಬಸ್ ನಿಲ್ದಾಣದ ಗದ್ದಲ ದಾಟುವಾಗ ಏನೋ ಅಂದಳು. ಮೋಹನ್‌ಬಾಬುವಿಗೆ ತುಟಿ ಅಲುಗಿದ್ದಷ್ಟೇ ಕಂಡಿತು.

"ಏನಂದೆ?" ಎಂದರು. ಆ ದಿನವಿಡೀ ಅವರು ಆಡಿದ ಅಪ್ಪಟ ಸತ್ಯದ ಮಾತು ಅದೊಂದೇ.

ಶಿರೀಷಾ ಅವರನ್ನೇ ದಿಟ್ಟಿಸಿ ನೋಡಿ ಕಿಟಕಿಯತ್ತ ತಿರುಗಿದಳು. ಊರು ಮುಟ್ಟುವವರೆಗೆ ತಿರುಗಲಿಲ್ಲ. ಇಳಿದವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಬೀದಿಯಲ್ಲಿ ನಿಂತ ಮೋಹನ್‌ಬಾಬುವಿನ ಎಡಗಿವಿಗೆ ಬಗ್ಗಿ ಷರೀಫ್ ಸಾಹೇಬರು ಮೆಲ್ಲಗೆ ಹೇಳಿದರು:

"ಅಷ್ಟು ಒಳ್ಳೆ ಮಾತಿಗೆ 'ಏನಂದೆ' ಅಂತ ಯಾಕಂದ್ರಿ ಸಾರ್? 'ಹೋಗ್ಲಿ ಬಿಡಿ, ಕ್ಷಮಿಸ್ಬಿಟ್ಟಿದೀನಿ' ಅಂತ ತಾನೇ ಅಮ್ಮಾವ್ರು ಅಂದಿದ್ದು."