ಜರ್ಮನಿಗೆ ಹೊರಟ ಮಗ್ಗದ ಬೆಕ್ಕು

ನಾನು ಸೊಲ್ಲಾಪುರದಿಂದ ಆಚೆ ಕಾಲಿಟ್ಟವನಲ್ಲ. ಪಾಸ್‌ಪೋರ್ಟ್ ಎಂಬುದನ್ನು ಕೈಯಲ್ಲಿ ಹಿಡಿದು ನೋಡಿದ್ದೂ ಇನ್ನೊಬ್ಬರದ್ದೇ. ಆದರೂ ಒಂದು ಬೆಕ್ಕು ಇಲ್ಲಿಂದ ಜರ್ಮನಿಗೆ ಹೋಗಬೇಕಾದರೆ ಏನೇನು ಆಗಬೇಕೆಂದು ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಲಿ, ಕಪ್ಪಿನ ಚಹಾ ಆರುವುದರೊಳಗೆ ಹೇಳಿ ಮುಗಿಸುತ್ತೇನೆ. ಇದುವರೆಗೆ ಒಬ್ಬರೂ ಕೇಳಿಲ್ಲ. ಕಲಿತ ವಿದ್ಯೆಯನ್ನು ಎಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿ? ನೀವಾದರೂ ಕೇಳಿಸಿಕೊಳ್ಳಿ.

ನಾನು ನೇಕಾರ. ಮಾಲಕರು ನೂಲು ಕೊಡುತ್ತಾರೆ, ನಾನು ಸೀರೆ ನೇಯ್ದು ಒಪ್ಪಿಸುತ್ತೇನೆ. ನಮ್ಮಪ್ಪನದೂ ಇದೇ ಬದುಕು. ಮಗ್ಗ ಇರುವ ಮನೆಯಲ್ಲಿ ಬೆಕ್ಕು ಇರುವುದು ಮುದ್ದಿಗಲ್ಲ. ಉದ್ದಕ್ಕೆ ಕಟ್ಟುವ ಹಾಸಿನ ನೂಲಿಗೆ ಗಂಜಿ ಹಚ್ಚಿರುತ್ತೇವಲ್ಲ, ಅದರ ರುಚಿ ಹತ್ತಿದ ಇಲಿ ಎಳೆಗಳನ್ನು ಕತ್ತರಿಸಿ ಹಾಕುತ್ತದೆ. ಆದ್ದರಿಂದ ಬೆಕ್ಕು ನಮ್ಮಲ್ಲಿ ನೌಕರಿಯ ಮೇಲೆ ಇರುವ ಪ್ರಾಣಿ. ನೂಲು ಹೊತ್ತ ಲಾಳಿಯಂತೆ ಮಗ್ಗದ ಈ ಕಡೆಯಿಂದ ಆ ಕಡೆಗೆ ಒಂದೇ ಸಮ ಓಡುತ್ತದೆಂದು ಅದಕ್ಕೆ ಲಾಳಿ ಎಂದು ಹೆಸರಿಟ್ಟಿದ್ದೆ. ಹೆಸರಿಟ್ಟು ಕರೆದಿದ್ದಕ್ಕಿಂತ ಬೈದು ಓಡಿಸಿದ್ದೇ ಹೆಚ್ಚು.

ಹೀಗಿರಲು ಕೈಮಗ್ಗ ಕಲಿಯುತ್ತೇನೆಂದು ಜರ್ಮನಿಯಿಂದ ಆನಾ ಎಂಬ ಹುಡುಗಿ ನಮ್ಮ ಮನೆಗೆ ಬಂದು ಎಂಟು ತಿಂಗಳು ಉಳಿದಳು. ನನ್ನ ಹೆಂಡತಿಯಿಂದ ರೊಟ್ಟಿಯನ್ನೂ ಮಾತನ್ನೂ ಒಟ್ಟಿಗೇ ಕಲಿತಳು. ವಾರದೊಳಗೆ ಅವಳ ಕಾಲು ಮಗ್ಗದ ಕೆಳಗಿನ ಕುಣಿಯಲ್ಲಿ, ಲಾಳಿ ಅವಳ ತೊಡೆಯ ಮೇಲೆ. ಒಂದು ದಿನ ಬಂದು, "ಕಾಕಾ, ಲಾಳೀನ ನಾ ನಮ್ಮೂರಿಗೆ ಕರ್ಕೊಂಡ ಹೋಗ್ತೀನ್ರಿ, ಕೊಡ್ತೀರೇನು?" ಎಂದಳು. ನಾನು ದೊಡ್ಡ ಮನಸ್ಸಿನವನಂತೆ, "ಚೀಲದಾಗ ಹಾಕ್ಕೊಂಡ ಹೋಗವಾ, ಅದಕ್ಕೇನ ಕೇಳ್ತಿ?" ಎಂದುಬಿಟ್ಟೆ.

ಚೀಲದಲ್ಲಿ ಹಾಕಿಕೊಂಡು ಹೋಗುವಂತಿಲ್ಲವೆಂದು ಆಮೇಲೆ ತಿಳಿಯಿತು. ಮೊದಲು ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಷ್ಟು ಗುರುತಿನ ಚಿಪ್ ಕೂರಬೇಕು. ಅದಾದ ಮೇಲೆಯೇ ಹುಚ್ಚುನಾಯಿ ರೋಗದ ಲಸಿಕೆ. ಲಸಿಕೆ ಮೊದಲಾಗಿ ಚಿಪ್ ಆಮೇಲಾದರೆ ಆ ಲಸಿಕೆ ಹಾಕಿದ್ದೇ ಸುಳ್ಳು. ಮೂವತ್ತು ದಿನ ಕಳೆದು ರಕ್ತ ತೆಗೆದು ಪರೀಕ್ಷೆಗೆ ಪರದೇಶಕ್ಕೆ ಕಳಿಸಬೇಕು. ರಕ್ತ ಪಾಸಾದರೂ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಅಂತೂ ಲಾಳಿಗಿಂತ ಮೊದಲು ಲಾಳಿಯ ರಕ್ತ ವಿಮಾನ ಹತ್ತಿತು. ನನಗೆ ಹೆಣ್ಣು ಕೊಡುವಾಗ ನಮ್ಮ ಮಾವ ಇದರ ಕಾಲುಭಾಗ ವಿಚಾರಿಸಿದ್ದರೂ ನನ್ನ ಹೆಂಡತಿ ಇವತ್ತಿಗೂ ಲಕ್ಕಲಕಟ್ಟಿಯ ತವರಿನಲ್ಲೇ ಇರುತ್ತಿದ್ದಳು.

ಚಿಪ್ಪನ್ನು ದನದ ದವಾಖಾನೆಯ ಡಾಕ್ಟರು ಹುಬ್ಬಳ್ಳಿಯಿಂದ ತರಿಸಿದ್ದರು. ಅದನ್ನು ಹಾಕಿಸುವ ದಿನ ಆನಾ ಮತ್ತು ನನ್ನ ಹೆಂಡತಿ ಮುಶಿಗೇರಿಗೆ ಮದುವೆಯೊಂದಕ್ಕೆ ಹೋಗಿದ್ದರು. ಲಾಳಿಯನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ನಾನೊಬ್ಬನೇ ಹೋದೆ. ಡಾಕ್ಟರು ಪೆನ್ನು ತೆಗೆದು, "ಮಾಲಕರ ಹೆಸರು ಏನಂತ ಬರೀಲಿ?" ಎಂದರು.

ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ನಲವತ್ತು ವರ್ಷ ಮಗ್ಗದಲ್ಲಿ ಕೂತಿದ್ದೇನೆ. ಕೈಯಿಂದ ಇಳಿದ ಸೀರೆ ಒಂದೊಂದಕ್ಕೂ ಮಾಲಕರಿದ್ದರು, ನಾನಂತೂ ಅಲ್ಲ. ಆ ಶಬ್ದದ ಮುಂದೆ ಯಾರೂ ನನ್ನ ಹೆಸರು ಕೇಳಿರಲಿಲ್ಲ. ಆನಾಳ ಹೆಸರು ಹೇಳಬೇಕೆಂಬುದು ಗೊತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬಗ್ಗಿದ ಬೆನ್ನು ತಾನಾಗಿಯೇ ನೆಟ್ಟಗಾಗಿ, ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಎಲ್ಲವನ್ನೂ ಹೇಳಿಬಿಟ್ಟೆ. ಮುಂದಿನ ಕಾಗದಗಳೆಲ್ಲ ಈ ಮೊದಲ ಕಾಗದ ನೋಡಿಯೇ ತಯಾರಾದವು. ಫೈಲನ್ನು ನಾನು ಟ್ರಂಕಿನಲ್ಲಿಟ್ಟು ಯಾರೂ ಮುಟ್ಟದಂತೆ ಕಾದೆ. ಎಲ್ಲರೂ ಅದನ್ನು ಜವಾಬ್ದಾರಿ ಎಂದುಕೊಂಡರು. ಆಗಾಗ ತೆಗೆದು ಓದಿಕೊಳ್ಳುತ್ತಿದ್ದೆನೆಂದು ಯಾರಿಗೂ ಹೇಳಲಿಲ್ಲ.

ಹೊರಡಲು ಹನ್ನೆರಡು ದಿನವಿದ್ದಾಗ ಆನಾ ಫೈಲು ಬಿಡಿಸಿದಳು. "ಕಾಕಾ, ಮಾಲಕ ನೀವಾ? ನಾ ಅಲ್ಲಾ?" ಎಂದವಳು ಅಲ್ಲೇ ಮಗ್ಗದ ಅಂಚಿಗೆ ಕುಸಿದು ಕೂತಳು. ಒಬ್ಬರ ಬೆಕ್ಕನ್ನು ಇನ್ನೊಬ್ಬರಿಗೆ ದಾಟಿಸಲು ಒಯ್ಯುತ್ತಿಲ್ಲ, ಇದು ನನ್ನದೇ ಎಂದು ಅವಳು ಜರ್ಮನಿಯವರಿಗೆ ಬರೆದುಕೊಡಬೇಕಿತ್ತು. ಈ ಕಾಗದದ ಪ್ರಕಾರ ಒಂದೋ ನಾನೂ ಬೆಕ್ಕಿನೊಂದಿಗೆ ಜರ್ಮನಿಗೆ ಹೋಗಬೇಕು, ಇಲ್ಲವೇ ಬೆಕ್ಕು ನನ್ನೊಂದಿಗೆ ಗಜೇಂದ್ರಗಡದಲ್ಲೇ ಇರಬೇಕು. ಅವಳು ಅಳತೊಡಗಿದಳು. ನನ್ನ ಹೆಂಡತಿ, "ಬೆಕ್ಕಿಗರ ಮಾಲಕ ಆಗಬೇಕಂತ ಆಸೆ ಆತೇನ್ರಿ? ಖರೇ ಹೇಳ್ರಿ, ಬೇಕಂತ ಮಾಡೀರಿ ಹೌದಲ್ರಿ?" ಎಂದಳು. ಇಲ್ಲವೆಂದು ಆಣೆ ಮಾಡಿದೆ. ಆದರೆ ಲಾಳಿ ಇಲ್ಲೇ ಉಳಿಯಬಹುದೆಂದು ಕೇಳಿದ ಕೂಡಲೇ ಎದೆ ಹಗುರಾಗಿತ್ತು. ಆ ಹುಡುಗಿಯ ಕಣ್ಣೀರಿನೆದುರು ಹಾಗೆ ಸಂತೋಷಪಟ್ಟದ್ದಕ್ಕೆ ನನಗೇ ನಾಚಿಕೆಯಾಯಿತು.

ಡಾಕ್ಟರು ಬೆಂಗಳೂರಿನ ಕಚೇರಿಗೆ ಫೋನು ಮಾಡಿ ದಾರಿ ಹುಡುಕಿದರು. ಬೆಕ್ಕಿನ ಮೇಲಿನ ಹಕ್ಕನ್ನು ಆನಾಳಿಗೆ ಬಿಟ್ಟುಕೊಟ್ಟಿದ್ದೇನೆಂದು ಡಾಕ್ಟರ ಎದುರೇ ನಾನು ಬರೆದು ಸಹಿ ಮಾಡಿದರೆ ಸಾಕು, ಉಳಿದ ಕಾಗದ ಸರಿಪಡಿಸಬಹುದು. ಎಲ್ಲರೂ ದವಾಖಾನೆಗೆ ಹೋದೆವು. ಒಂದೇ ಒಂದು ವಾಕ್ಯ. ಅದನ್ನು ಬರೆಯಲು ಅರ್ಧ ತಾಸು ಹಿಡಿಯಿತು. ಬುಟ್ಟಿಯಿಂದ ಲಾಳಿ ನನ್ನನ್ನೇ ನೋಡುತ್ತಿತ್ತು. "ಲಗೂನ ಬರೀರಿ, ಅವರಿಗೂ ಕೆಲಸ ಅದಾವು," ಎಂದು ಹೆಂಡತಿ ಅವಸರ ಮಾಡಿದಳು. ಕೊನೆಗೆ ಸಹಿ ಹಾಕಿದೆ. ಕೈ ಅಷ್ಟಕ್ಕೇ ನಿಲ್ಲದೆ ಸಹಿಯ ಕೆಳಗೆ "ಮಾಲಕ" ಎಂದೂ ಬರೆಯಿತು.

"ಅಯ್ಯ ಶಿವನ, ಮತ್ತ ಬರದ್ರಲ್ಲಾ!" ಎಂದು ಹೆಂಡತಿ ಹಣೆ ಬಡಿದುಕೊಂಡಳು. ಗಾಬರಿಯಿಂದ ಆ ಶಬ್ದವನ್ನು ಹೊಡೆದುಹಾಕಲು ಹೋದೆ. ಡಾಕ್ಟರು ನನ್ನ ಕೈ ಹಿಡಿದರು.

"ಇರ್ಲಿ ಬಿಡ್ರಿ ಯಜಮಾನ್ರ. ಬಿಟ್ಟುಕೊಡಾವ್ರು ಮಾಲಕರ ಇರಬೇಕಲ್ರಿ. ಇಲ್ಲಂದ್ರ ಈ ಕಾಗದ ನಡಿಯೂದಿಲ್ಲ," ಎನ್ನುತ್ತ ಆ ಶಬ್ದದ ಮೇಲೆಯೇ ಸರಕಾರಿ ಮುದ್ರೆ ಒತ್ತಿದರು.

ಆನಾಳ ಬಸ್ಸು ಹೊರಟಾಗ ನಾನು ಅಳಲಿಲ್ಲ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದೇನೆ. ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು, ಅವಳನ್ನು ಮಾತ್ರ ಕೇಳಬೇಡಿ. ಜೀವಮಾನದಲ್ಲಿ ಮಾಲಕನಾಗಿ ನಾನು ನಡೆಸಿದ ವ್ಯವಹಾರ ಅದೊಂದೇ. ಅದರಲ್ಲೂ ಇದ್ದದ್ದನ್ನೆಲ್ಲ ಕೊಟ್ಟು, ಖಾಲಿ ಬುಟ್ಟಿ ಹಿಡಿದು ಮನೆಗೆ ಬಂದೆ.